ಆರು ಸರಪಳಿ, ಬಲಕ್ಕೆ ಎರಡೂವರೆ

ಒಂಬತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಕ್ಷೆಯ ಪ್ರಶ್ನೆಗೆ ನನಗೆ ನಾಲ್ಕಕ್ಕೆ ಎರಡು ಅಂಕ ಬಂದಿತ್ತು. ಬಿಂದುಗಳೆಲ್ಲ ಇರಬೇಕಾದ ಕಡೆಯೇ ಇದ್ದವು, ರೇಖೆಯೂ ಅವುಗಳ ಮೇಲೆಯೇ ಹಾದಿತ್ತು. ಆದರೆ ನಾನು ಎಡಗೈಯಲ್ಲಿ ಬರೆಯುವವನು. ಕೈ ಮುಂದೆ ಸಾಗಿದಂತೆ ಅಂಗೈ ಹಿಂದಿನದನ್ನು ಒರೆಸುತ್ತ ಬರುತ್ತದೆ. ಗ್ರಾಫ್ ಹಾಳೆ ಆಷಾಢದ ಆಕಾಶದಂತೆ ಮಸುಕಾಗಿತ್ತು. ಮೇಷ್ಟ್ರು ಕೆಂಪು ಶಾಯಿಯಲ್ಲಿ ‘ಅಂದವಿಲ್ಲ’ ಎಂದು ಬರೆದು ಪಕ್ಕದಲ್ಲಿ ಲೆಕ್ಕವನ್ನೂ ಕೊಟ್ಟಿದ್ದರು: ಅಕ್ಷಗಳಿಗೆ ಅರ್ಧ, ಪ್ರಮಾಣ ಬರೆದದ್ದಕ್ಕೆ ಅರ್ಧ, ಬಿಂದುಗಳಿಗೆ ಒಂದು, ರೇಖೆಗೆ ಸೊನ್ನೆ. ರೇಖೆಗೆ ಉದ್ದ ಮಾತ್ರ ಇರಬೇಕು, ಅಗಲ ಇರಕೂಡದು, ನಿನ್ನದು ಬದುವಿನಷ್ಟು ದಪ್ಪಗಿದೆ ಎಂಬುದು ಅವರ ವಾದ. ರೇಖೆಗೆ ಅಗಲವಿಲ್ಲವೆಂದು ಯೂಕ್ಲಿಡ್ ಕೂಡ ಹೇಳಿದ್ದಾನೆ, ಹಾಗಾಗಿ ಎದುರಾಡಲು ನನ್ನಲ್ಲಿ ಮಾತಿರಲಿಲ್ಲ.

ಗ್ರಾಫ್ ಹಾಳೆ ಆಗ ನಮಗೆ ಸುಲಭದ ವಸ್ತುವಲ್ಲ. ತಾಲ್ಲೂಕು ಪೇಟೆಯ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುತ್ತಿತ್ತು, ಒಂದಕ್ಕೆ ಐವತ್ತು ಪೈಸೆ. ಮಡಿಸಿದರೆ ಗೆರೆ ಬೀಳುತ್ತದೆಂದು ಸುರುಳಿ ಸುತ್ತಿ, ತುಂಬಿದ ಬಸ್ಸಿನಲ್ಲಿ ಕೈಯನ್ನು ತಲೆಗಿಂತ ಮೇಲೆ ಹಿಡಿದು ನಿಂತು ಊರಿಗೆ ತರಬೇಕಾಗಿತ್ತು. ಹಾಗೆ ತಂದ ಹಾಳೆಯ ಮೇಲೆ ಮೊದಲು ಮಾಡುವ ಕೆಲಸವೇ ಎರಡು ಗೆರೆ ಎಳೆಯುವುದು. ಅಡ್ಡ ಗೆರೆ ಎಕ್ಸ್-ಅಕ್ಷ, ನಿಂತ ಗೆರೆ ವೈ-ಅಕ್ಷ, ಅವೆರಡೂ ಕೂಡುವ ಜಾಗ ಮೂಲಬಿಂದು. ಅದಕ್ಕೆ ‘ಓ’ ಎಂದು ಹೆಸರು. ಮೂಲಬಿಂದು ಅಲ್ಲಿಯೇ ಏಕೆ ಎಂದು ನಾನು ಕೇಳಲಿಲ್ಲ, ಮೇಷ್ಟ್ರು ಹೇಳಲಿಲ್ಲ. ಹಾಳೆಗೆ ಒಂದು ನಡು ಇದೆ, ನಡುವಿನಲ್ಲಿ ಮೂಲಬಿಂದು ಇದೆ, ದೇವಸ್ಥಾನಕ್ಕೆ ಗರ್ಭಗುಡಿ ಇದ್ದಂತೆ ಎಂದುಕೊಂಡಿದ್ದೆ. ಪಾಠದ ಹೆಸರು ಮಾತ್ರ ಗಟ್ಟಿಯಾಗಿತ್ತು: ನಿರ್ದೇಶಾಂಕ, ಎಂದರೆ ಬಿಂದುವಿನ ಜಾಗ ಹೇಳುವ ಅಂಕಿಗಳ ಜೋಡಿ. ಬಾಯಿಪಾಠ ಮಾಡಲು ಒಳ್ಳೆಯ ಪದ.

ಆ ವರ್ಷದ ಬೇಸಿಗೆಯಲ್ಲಿ ನಮ್ಮ ಜಮೀನಿನ ಹದ್ದುಬಸ್ತು, ಎಂದರೆ ಗಡಿಯನ್ನು ಅಳೆದು ಗುರುತಿಸುವ ಕೆಲಸ, ನಡೆಯಿತು.

ತಿಪಟೂರಿನ ಕಡೆಯ ನಮ್ಮ ಊರಿನಲ್ಲಿ ಹೊಲದ ಬದು ವರ್ಷಕ್ಕೊಂದು ಅಂಗುಲ ಸರಿಯುವುದು ಯಾರಿಗೂ ಹೊಸದಲ್ಲ. ನೇಗಿಲು ತಿರುಗಿಸುವಾಗ ಒಂದು ಹೆಂಟೆ ಆಚೆ ಬಿದ್ದರೆ ಅದು ಆಚೆಯವರ ಪಾಲು. ಹಾಗೆ ಬಿದ್ದ ಹೆಂಟೆಗಳ ಲೆಕ್ಕವನ್ನು ಅಪ್ಪ ಮತ್ತು ಪಕ್ಕದ ಜಮೀನಿನವರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರು. ಒಂದು ದಿನ ಮಾತು ಜೋರಾಯಿತು, ಅಪ್ಪ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದರು. ಕೆಲವು ತಿಂಗಳ ಮೇಲೆ ಸರ್ವೇಯರ್ ಬಂದರು. ಲೂನಾದ ಹಿಂದೆ ಗೋಣಿಚೀಲದಲ್ಲಿ ಸರಪಳಿ, ಬಣ್ಣ ಬಳಿದ ನಾಲ್ಕು ಕೋಲು, ಮತ್ತು ಒಂದು ವಿಚಿತ್ರ ಸಾಧನ: ಕೋಲಿನ ತುದಿಗೆ ಕೂರಿಸಿದ ಮರದ ತುಂಡು, ಅದರಲ್ಲಿ ಒಂದಕ್ಕೊಂದು ಅಡ್ಡವಾಗಿ ಕೊರೆದ ಎರಡು ಸೀಳು. ಒಂದು ಸೀಳಿನಿಂದ ನೋಡಿದರೆ ಉದ್ದದ ದಿಕ್ಕು, ಇನ್ನೊಂದರಿಂದ ನೋಡಿದರೆ ಅದಕ್ಕೆ ಸರಿಯಾಗಿ ಲಂಬ ದಿಕ್ಕು. ಶಾಲೆಗೆ ರಜೆ ಇದ್ದುದರಿಂದ ಸರಪಳಿಯ ತುದಿ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು.

ಸರ್ವೇಯರ್ ಚೀಲದಿಂದ ಟಿಪ್ಪಣಿಯ ಪ್ರತಿಯನ್ನು ತೆಗೆದರು. ಟಿಪ್ಪಣಿ ಎಂದರೆ ಹಿಂದೆ ಜಮೀನು ಅಳೆದಾಗ ಸ್ಥಳದಲ್ಲೇ ಬರೆದುಕೊಂಡ ಕೈನಕ್ಷೆ. ಮೈಸೂರು ಸೀಮೆಯಲ್ಲಿ 1860ರ ದಶಕದಲ್ಲಿ ಮುಂಬಯಿ ಪದ್ಧತಿಯ ಸರ್ವೆ ಶುರುವಾದಾಗಿನಿಂದ ನಡೆದುಬಂದ ಕ್ರಮ. ನಾನು ಇಣುಕಿ ನೋಡಿದೆ. ನಮ್ಮ ಜಮೀನು ಹರಿದ ಗಾಳಿಪಟದಂತೆ ಕಾಣುತ್ತಿತ್ತು. ಗೆರೆಗಳು ಸೊಟ್ಟ, ಒಂದು ಬದಿ ಇನ್ನೊಂದಕ್ಕಿಂತ ಚಿಕ್ಕದಿರಬೇಕಾದಲ್ಲಿ ದೊಡ್ಡದಾಗಿದೆ. ಇದನ್ನು ನಮ್ಮ ಗಣಿತದ ಮೇಷ್ಟ್ರಿಗೆ ಕೊಟ್ಟಿದ್ದರೆ ನಾಲ್ಕಕ್ಕೆ ಅರ್ಧವನ್ನೂ ಕೊಡುತ್ತಿರಲಿಲ್ಲ.

“ಇದು ನಮ್ಮ ಹೊಲದ ಹಾಗೆ ಇಲ್ಲವಲ್ಲ ಸಾರ್” ಎಂದೆ.

“ಚಿತ್ರ ನೋಡಬೇಡ ಹುಡುಗ, ಅಂಕಿ ನೋಡು” ಎಂದರು ಸರ್ವೇಯರ್.

ಅಂಕಿಗಳು ಗೆರೆಗಳ ಪಕ್ಕದಲ್ಲಿದ್ದವು. ಜಮೀನಿನ ನಡುವೆ ಒಂದು ಮೂಲೆಯ ಕಲ್ಲಿನಿಂದ ಎದುರು ಮೂಲೆಯ ಕಲ್ಲಿಗೆ ಎಳೆದ ಗೆರೆ ಇತ್ತು. ಅದನ್ನು ಅವರು ಬೇಸ್‌ಲೈನ್ ಎನ್ನುತ್ತಿದ್ದರು. ಉದ್ದ ಹತ್ತು ಸರಪಳಿ. ಮಿಕ್ಕ ಕಲ್ಲುಗಳ ಜಾಗವನ್ನೆಲ್ಲ ಈ ಗೆರೆಯಿಂದಲೇ ಹೇಳಿತ್ತು. ಮೊದಲ ಕಲ್ಲಿನಿಂದ ನಾಲ್ಕು ಸರಪಳಿ ನಡೆ, ಅಲ್ಲಿ ನಿಂತು ಎಡಕ್ಕೆ ತಿರುಗು, ಮೂರು ಸರಪಳಿ ಹೋಗು, ಅಲ್ಲೊಂದು ಬಾಂದು ಕಲ್ಲು. ಮತ್ತೆ ಮೊದಲ ಕಲ್ಲಿನಿಂದ ಆರು ಸರಪಳಿ, ಅಲ್ಲಿಂದ ಬಲಕ್ಕೆ ಎರಡು ಸರಪಳಿ ಎಂಟು ಆಣೆ, ಅಲ್ಲಿ ಇನ್ನೊಂದು.

ಸರಪಳಿಯಲ್ಲಿ ಆಣೆ ಎಲ್ಲಿಂದ ಬಂತು ಎಂದು ಕೇಳುವವರಿಗಾಗಿ: ಸರ್ವೆಯ ಸರಪಳಿಯ ಉದ್ದ 33 ಅಡಿ, ಅದರ ಹದಿನಾರನೆಯ ಒಂದು ಭಾಗ ಒಂದು ಆಣೆ, ಎಂದರೆ ಎರಡು ಅಡಿ ಮುಕ್ಕಾಲು ಅಂಗುಲ. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದ ಮನಸ್ಸು ಭೂಮಿಯನ್ನೂ ಹಾಗೆಯೇ ಚಿಲ್ಲರೆ ಮಾಡಿತ್ತು. ಇದರಲ್ಲಿ ಇನ್ನೊಂದು ಸೊಗಸಿದೆ. 33 ಅಡಿಗೆ 33 ಅಡಿಯ ಚೌಕ 1089 ಚದರ ಅಡಿ, ಅದೇ ಒಂದು ಗುಂಟೆ. ಅಂಥ ನಲವತ್ತು ಸೇರಿದರೆ 43,560 ಚದರ ಅಡಿ, ಒಂದು ಎಕರೆ. ಸರಪಳಿಯಲ್ಲಿ ಅಳೆದು ಗುಣಿಸಿದರೆ ಉತ್ತರ ತಾನಾಗಿಯೇ ಗುಂಟೆಯಲ್ಲಿ ಬರುತ್ತದೆ. ಈ ಅಳತೆಯನ್ನು ಗೊತ್ತುಮಾಡಿದವನ ಮೇಲೆ ನನಗೆ ಇಂದಿಗೂ ಗೌರವವಿದೆ.

ಬೇಸ್‌ಲೈನಿನ ಎರಡು ಕಲ್ಲುಗಳು ಇದ್ದವು. ಒಂದು ಹೊಂಗೆ ಮರದ ಬೇರು ತಬ್ಬಿಕೊಂಡು ನಿಂತಿತ್ತು, ಇನ್ನೊಂದು ಬೇಲಿಯ ಕತ್ತಾಳೆಯ ನಡುವೆ. ಎಡಗಡೆಯದೂ ಸಿಕ್ಕಿತು. ಜಗಳವಿದ್ದುದು ಬಲಗಡೆಯ ಕಲ್ಲಿನ ಬಗ್ಗೆ, ಅದನ್ನು ನನ್ನ ಕಾಲದಲ್ಲಿ ಯಾರೂ ಕಂಡಿರಲಿಲ್ಲ. ಆರು ಸಲ ಸರಪಳಿ ಹಾಕಿದೆವು. ಸರ್ವೇಯರ್ ಸೀಳುಕೋಲನ್ನು ನೆಟ್ಟು ಒಂದು ಸೀಳಿನಿಂದ ಹೊಂಗೆ ಮರದ ಬುಡವನ್ನು ನೋಡಿದರು, ಇನ್ನೊಂದರಿಂದ ನೋಡುತ್ತ ನನಗೆ ಕೈ ಬೀಸಿದರು. ಎಡಕ್ಕೆ, ಇನ್ನೂ ಎಡಕ್ಕೆ, ಸಾಕು. ಆ ದಿಕ್ಕಿನಲ್ಲಿ ಎರಡು ಸರಪಳಿ, ಮೇಲೆ ಎಂಟು ಆಣೆ. ನಾನು ನಿಂತಿದ್ದುದು ಎರಡು ವರ್ಷದ ತೆಂಗಿನ ಸಸಿಗಳ ಈಚೆ, ನಾವೇ ಉಳುತ್ತಿದ್ದ ಮಣ್ಣಿನಲ್ಲಿ.

“ಇಲ್ಲಿ ಅಗೆಯಿರಿ” ಎಂದರು.

ಒಂದು ಅಡಿ ಆಳ ಹೋದರೂ ಏನೂ ಇಲ್ಲ. ಪಕ್ಕದ ಜಮೀನಿನವರು ಬೀಡಿ ಹಚ್ಚಿದರು. ಸರ್ವೇಯರ್ ಅವಸರಪಡಲಿಲ್ಲ, ಗುಂಡಿಯನ್ನು ಸ್ವಲ್ಪ ಅಗಲ ಮಾಡಲು ಹೇಳಿದರು. ಗುರುತಿನಿಂದ ಒಂದು ಗೇಣು ಆಚೆ ಹಾರೆ ಠಣ್ ಎಂದಿತು. ಮಣ್ಣು ಕೆದರಿದಾಗ ಚಪ್ಪಟೆ ತಲೆಯ ಕಲ್ಲು ಕಂಡಿತು. ಅದು ಎಷ್ಟು ವರ್ಷದಿಂದ ಅಲ್ಲಿ ಮಲಗಿತ್ತೋ! ನೇಗಿಲು ಅದರ ಮೇಲೆಯೇ ಓಡಾಡಿದೆ, ನಾವು ಅದರ ಮೇಲೆಯೇ ಹುರುಳಿ ಬೆಳೆದಿದ್ದೇವೆ. ಅದು ಅಲ್ಲಿದೆ ಎಂದು ಗೊತ್ತಿದ್ದುದು ಯಾವುದೋ ಕಚೇರಿಯ ಕಪಾಟಿನಲ್ಲಿದ್ದ ಎರಡು ಸಂಖ್ಯೆಗಳಿಗೆ ಮಾತ್ರ.

ಅರ್ಜಿ ಹಾಕಿದ್ದ ಅಪ್ಪನೇ ಸೋತರು ಎಂಬುದನ್ನು ಇಲ್ಲಿ ಹೇಳಲೇಬೇಕು. ಎರಡು ತೆಂಗಿನ ಸಸಿಗಳು ಆಚೆ ಕಡೆಗೆ ಹೋದವು. ಅಪ್ಪ ಏನೂ ಮಾತಾಡದೆ ಸರ್ವೇಯರಿಗೆ ಎಳನೀರು ಕೆತ್ತಿ ಕೊಟ್ಟರು, ಪಕ್ಕದವರಿಗೂ ಒಂದು ಕೊಟ್ಟರು.

ಆ ರಾತ್ರಿ ನಾನು ಹಳೆಯ ನೋಟ್‌ಬುಕ್ ತೆಗೆದು, ಗ್ರಾಫ್ ಹಾಳೆಯಿಲ್ಲದೆಯೇ, ಹೊಂಗೆ ಮರದ ಕಲ್ಲನ್ನು ‘ಓ’ ಎಂದು ಬರೆದುಕೊಂಡೆ. ಬೇಸ್‌ಲೈನ್ ಎಕ್ಸ್-ಅಕ್ಷ. ಸಿಕ್ಕ ಕಲ್ಲು (6, 2.5). ಬೇಲಿಯ ಕಲ್ಲು (10, 0). ಬಲಗಡೆಯ ತ್ರಿಭುಜದ ಪಾದ ಹತ್ತು, ಎತ್ತರ ಎರಡೂವರೆ, ವಿಸ್ತೀರ್ಣ ಹನ್ನೆರಡೂವರೆ. ಎಡಗಡೆಯದರ ಎತ್ತರ ಮೂರು, ವಿಸ್ತೀರ್ಣ ಹದಿನೈದು. ಒಟ್ಟು ಇಪ್ಪತ್ತೇಳೂವರೆ. ಅಪ್ಪನ ಕಬ್ಬಿಣದ ಪೆಟ್ಟಿಗೆಯಿಂದ ಪಹಣಿ ತೆಗೆದು ನೋಡಿದೆ: ಇಪ್ಪತ್ತೇಳು ಗುಂಟೆ ಎಂಟು ಆಣೆ. ಮೈ ಜುಮ್ಮೆಂದಿತು. ಅರ್ಧ ವರ್ಷದ ಪಾಠದಲ್ಲಿ ಆಗದಿದ್ದುದು ಒಂದು ಗುಂಡಿ ತೋಡುವುದರಲ್ಲಿ ಆಗಿತ್ತು.

ಒಂದು ಗೇಣಿನ ತಪ್ಪು ಏಕೆ ಬಂತೆಂದು ಆಮೇಲೆ ತಿಳಿಯಿತು. ಸರಪಳಿ ಜಗ್ಗುತ್ತದೆ, ಬಿಸಿಲಿಗೆ ಹಿಗ್ಗುತ್ತದೆ, ನೆಲ ಏರಿಳಿಯುತ್ತದೆ. 1800ರ ಕೊನೆಯ ತಿಂಗಳುಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಆಧಾರ ರೇಖೆಯನ್ನು ಅಳೆದದ್ದೂ ಉಕ್ಕಿನ ಸರಪಳಿಯಿಂದಲೇ. ಅವನು ಅದನ್ನು ನೆಲಕ್ಕೆ ಎಸೆಯಲಿಲ್ಲ, ಮರದ ದೋಣಿಗಳಂಥ ಪೆಟ್ಟಿಗೆಗಳಲ್ಲಿ ಮಲಗಿಸಿ ಥರ್ಮಾಮೀಟರ್ ಇಟ್ಟು ಬಿಸಿಯನ್ನು ಲೆಕ್ಕಕ್ಕೆ ಹಿಡಿದ. ಎರಡು ವರ್ಷದ ನಂತರ ಮದ್ರಾಸಿನಿಂದ ಶುರುವಾಗಿ ಇಡೀ ಭಾರತವನ್ನು ಅಳೆದ ಮಹಾ ಸರ್ವೆಗೆ ಅದು ತಾಲೀಮು. ನಮ್ಮ ಸರ್ವೇಯರಿಗೆ ಅಷ್ಟು ವ್ಯವಧಾನ ಇರಲಿಲ್ಲ. ಅವರಿಗೆ ಮಧ್ಯಾಹ್ನ ಇನ್ನೊಂದು ಊರಿನ ಜಗಳ ಕಾದಿತ್ತು.

ಜೂನಿನಲ್ಲಿ ಶಾಲೆ ತೆರೆದಾಗ ಮೇಷ್ಟ್ರು ಈ ಪಾಠಕ್ಕೆ ಸಂಬಂಧಪಟ್ಟ ಒಂದೇ ಒಂದು ಕಥೆಯನ್ನು ಹೇಳಿದರು. ರೆನೆ ಡೆಕಾರ್ಟ್ ಎಂಬ ಫ್ರೆಂಚ್ ಪಂಡಿತ ಹಾಸಿಗೆಯಲ್ಲಿ ಮಲಗಿ ಛಾವಣಿ ನೋಡುತ್ತಿದ್ದನಂತೆ, ಅಲ್ಲೊಂದು ನೊಣ ಹರಿದಾಡುತ್ತಿತ್ತಂತೆ, ಎರಡು ಗೋಡೆಗಳಿಂದ ಅದರ ದೂರ ಹೇಳಿದರೆ ಅದರ ಜಾಗ ಗೊತ್ತಾಗುತ್ತದೆಂದು ಹೊಳೆಯಿತಂತೆ. ಚಂದದ ಕಥೆ, ಆದರೆ ಅದಕ್ಕೆ ಆಧಾರವಿಲ್ಲ. 1637ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಅವನ ಗ್ರಂಥಕ್ಕೆ ಅನುಬಂಧವಾಗಿ ಬಂದ ರೇಖಾಗಣಿತದ ಭಾಗದಲ್ಲಿ ನಾವು ಎಳೆಯುವಂಥ ಅಡ್ಡ-ನೆಟ್ಟ ಅಕ್ಷಗಳ ಜೋಡಿಯೂ ಇಲ್ಲ. ತನಗೆ ಬೇಕಾದ ಒಂದು ಗೆರೆಯನ್ನು ಆರಿಸಿಕೊಂಡು, ಅದರ ಮೇಲಿನ ದೂರ ಮತ್ತು ಅದರಿಂದಾಚೆಗಿನ ದೂರ ಎಂದು ಎರಡು ಅಕ್ಷರಗಳನ್ನಿಟ್ಟು ಅವುಗಳ ನಡುವೆ ಸಮೀಕರಣ ಕಟ್ಟುತ್ತಾನೆ. ಥೇಟ್ ಟಿಪ್ಪಣಿ! ಅದೇ ಹೊತ್ತಿಗೆ ಟುಲೂಸಿನಲ್ಲಿ ನ್ಯಾಯಾಲಯದ ಕೆಲಸ ಮಾಡಿಕೊಂಡಿದ್ದ ಪಿಯರ್ ದ ಫರ್ಮಾ ಇದನ್ನೇ ಇನ್ನೊಂದು ತುದಿಯಿಂದ ಕಂಡುಕೊಂಡಿದ್ದ: ಮೊದಲು ಸಮೀಕರಣ ಬರೆಯುವುದು, ಆಮೇಲೆ ಅದು ಯಾವ ರೇಖೆಯೆಂದು ನೋಡುವುದು. ಅವನು ಅಚ್ಚು ಹಾಕಿಸುವ ಗೋಜಿಗೆ ಹೋಗಲಿಲ್ಲ. ಅದು ಮುದ್ರಣವಾದದ್ದು 1679ರಲ್ಲಿ, ಅವನು ಸತ್ತು ಹದಿನಾಲ್ಕು ವರ್ಷದ ಮೇಲೆ. ಹೀಗಾಗಿ ಪಾಠದಲ್ಲಿ ಹೆಸರು ಡೆಕಾರ್ಟನದು ಉಳಿಯಿತು, ಶಾಲೆಯಲ್ಲಿ ನಾವು ಮಾಡಿದ್ದು ಹೆಚ್ಚಾಗಿ ಫರ್ಮಾನ ಕೆಲಸ.

ಡೆಕಾರ್ಟ್ ಋಣ ಸಂಖ್ಯೆಗಳನ್ನು ಅಕ್ಷದ ಮೇಲೆ ಇಡಲಿಲ್ಲ. ನಮ್ಮ ಸರ್ವೇಯರ್ ಕೂಡ ಇಡಲಿಲ್ಲ. ಅವರಿಗೆ ‘ಎಡಕ್ಕೆ’, ‘ಬಲಕ್ಕೆ’ ಎಂಬ ಎರಡು ಮಾತು ಸಾಕಾಗಿತ್ತು. ಎಡಗಡೆಯ ಕಲ್ಲನ್ನು (4, −3) ಎಂದು ಬರೆದವನು ನಾನು, ಬರೆದು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ. ಕನ್ನಡದಲ್ಲಿ ಕಲಿತವರಿಗೆ ಈ ಚಿಹ್ನೆ ಬರಿಯ ಚಿಹ್ನೆಯಾಗಿ ಉಳಿಯುವುದಿಲ್ಲ, ಏಕೆಂದರೆ ನಾವು ಅದನ್ನು ಧನ, ಋಣ ಎಂದೇ ಕರೆಯುತ್ತೇವೆ. ಬ್ರಹ್ಮಗುಪ್ತ 628ರಲ್ಲಿ ಇವುಗಳ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದಾಗ ಬಳಸಿದ ಪದಗಳೇ ಅವು. ಅಪ್ಪನಿಗೆ ಸೊಸೈಟಿಯ ಸಾಲವಿದ್ದ ಕಾಲದಲ್ಲಿ ‘ಋಣ ಮೂರು ಸರಪಳಿ’ ಎಂದು ನಮ್ಮದೇ ಜಮೀನಿನ ಬಗ್ಗೆ ಬರೆಯುವಾಗ ಒಂದು ಬಗೆಯ ಕಸಿವಿಸಿಯಾಗುತ್ತಿತ್ತು.

ಹತ್ತನೆಯ ತರಗತಿಯಲ್ಲಿ ಪೈಥಾಗೊರಸ್ ಪ್ರಮೇಯ ಬಂದಾಗ ಮತ್ತೆ ಆ ನೋಟ್‌ಬುಕ್ ತೆಗೆದೆ. ಹೊಂಗೆ ಮರದ ಕಲ್ಲಿನಿಂದ ಬಲಗಡೆಯ ಕಲ್ಲಿಗೆ ನೇರ ದೂರ: ಆರರ ವರ್ಗ 36, ಎರಡೂವರೆಯ ವರ್ಗ 6.25, ಕೂಡಿದರೆ 42.25, ಅದರ ಮೂಲ ಸರಿಯಾಗಿ ಆರೂವರೆ. ಎಡಗಡೆಯ ಕಲ್ಲಿಗೆ ನಾಲ್ಕರ ವರ್ಗ 16, ಋಣ ಮೂರರ ವರ್ಗ 9, ಮೂಲ ಐದು. ವರ್ಗ ಮಾಡಿದೊಡನೆ ಋಣ ತೀರುತ್ತದೆ! ಎಡಕ್ಕಿದ್ದರೂ ಬಲಕ್ಕಿದ್ದರೂ ದೂರ ದೂರವೇ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಬರೆದಿದ್ದಾರೆ. ದೂರ ಸೂತ್ರದಲ್ಲಿ ಆ ಅಪಾಯವೇ ಬರುವುದಿಲ್ಲ. ಮೂಲದ ಚಿಹ್ನೆಯ ಒಳಗೆ ಇರುವುದು ಎರಡು ವರ್ಗಗಳ ಮೊತ್ತ. ಇದನ್ನು ಮೇಷ್ಟ್ರಿಗೆ ಹೇಳಿದಾಗ ಅವರು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. ಆಮೇಲೂ ನನ್ನ ರೇಖೆಗಳಿಗೆ ಅಂಕ ಕೊಡಲಿಲ್ಲ.

ಪಿಯುಸಿಗೆ ತುಮಕೂರಿಗೆ ಹೋದೆ, ಎಲ್ಲವೂ ಇಂಗ್ಲಿಷಾಯಿತು. ಮೂಲಬಿಂದು ಒರಿಜಿನ್ ಆಯಿತು. ‘ಲೋಕಸ್’ ಎಂದು ಉಪನ್ಯಾಸಕರು ಹೇಳಿದಾಗಲೆಲ್ಲ ನಾನು ‘ಲೋಕ’ ಎಂದೇ ಕೇಳಿಸಿಕೊಳ್ಳುತ್ತಿದ್ದೆ. ಅದೇನೂ ದೊಡ್ಡ ತಪ್ಪಲ್ಲ, ಒಂದು ನಿಯಮಕ್ಕೆ ಒಳಪಟ್ಟ ಬಿಂದುಗಳೆಲ್ಲ ಸೇರಿದ ಲೋಕ. ತೊಂದರೆ ಕೊಟ್ಟದ್ದು ‘ಸ್ಲೋಪ್’. ವೈ = ಎಂಎಕ್ಸ್ + ಸಿ ಎಂಬ ಸಮೀಕರಣದಲ್ಲಿ ಆ ‘ಎಂ’ ಏನೆಂದು ನನಗೆ ಬಹಳ ದಿನ ತಲೆಗೆ ಹೋಗಲಿಲ್ಲ. ‘ವೈಗಳ ವ್ಯತ್ಯಾಸವನ್ನು ಎಕ್ಸ್‌ಗಳ ವ್ಯತ್ಯಾಸದಿಂದ ಭಾಗಿಸು’ ಎಂಬುದು ಬಾಯಿಗೆ ಬಂದಿತ್ತು, ಅಷ್ಟೇ.

ದಸರಾ ರಜೆಗೆ ಊರಿಗೆ ಬಂದಾಗ ಅಣ್ಣನ ಹೊಸ ಮನೆಯ ತಾರಸಿಯ ಕೆಲಸ ನಡೆಯುತ್ತಿತ್ತು. ಗಾರೆ ಮೇಸ್ತ್ರಿ ದಾರ ಕಟ್ಟುತ್ತ ತನ್ನ ಹುಡುಗನಿಗೆ ಹೇಳುತ್ತಿದ್ದರು: “ಹತ್ತು ಅಡಿಗೆ ಒಂದು ಇಂಚು ವಾಟ ಕೊಡು. ವಾಟ ಎಲ್ಲ ಕಡೆಯೂ ಒಂದೇ ಇರಬೇಕು, ನಡುವೆ ಕೆಡಿಸಿದೆಯೋ ಅಲ್ಲಿ ನೀರು ನಿಲ್ಲುತ್ತದೆ.” ನನಗೆ ಬೇಕಾಗಿದ್ದ ಪದ ಅದು. ‘ಎಂ’ ಎಂದರೆ ವಾಟ. ಹತ್ತು ಅಡಿ ಎಂದರೆ 120 ಇಂಚು, ಹಾಗಾದರೆ ವಾಟ 120ರಲ್ಲಿ ಒಂದು. ಸರಳರೇಖೆ ಎಂದರೆ ವಾಟ ಕೆಡದ ರೇಖೆ. ಮೂರು ಬಿಂದುಗಳು ಸರಳರೇಖಾಗತವೇ ಎಂದು ಪರೀಕ್ಷೆಯಲ್ಲಿ ಕೇಳಿದರೆ ಮೇಸ್ತ್ರಿಯ ಹಾಗೆ ಎರಡು ಕಡೆ ವಾಟ ನೋಡಿದರೆ ಸಾಕು. ನೆಟ್ಟಗೆ ನಿಂತ ರೇಖೆಗೆ ಸ್ಲೋಪ್ ಇಲ್ಲ ಏಕೆ ಎಂಬುದಕ್ಕೂ ಅಲ್ಲೇ ಉತ್ತರವಿತ್ತು. ಗೋಡೆಯ ವಾಟ ಎಷ್ಟು ಎಂದು ಯಾವ ಮೇಸ್ತ್ರಿಯೂ ಕೇಳುವುದಿಲ್ಲ, ಅಲ್ಲಿ ದಾರಕ್ಕೆ ಕಟ್ಟಿದ ತೂಕದ ಗುಂಡು ಮಾತಾಡುತ್ತದೆ. ಪಠ್ಯಪುಸ್ತಕಗಳು ಇದಕ್ಕೆ ‘ಇಳಿಜಾರು’ ಎಂದು ಬರೆಯುತ್ತವೆ. ಏರುವ ರೇಖೆಗೂ ಇಳಿಜಾರು ಎನ್ನುವುದು ನನಗೆ ಒಪ್ಪಿತವಲ್ಲ. ವಾಟ ಎಂಬ ಪದ ಗಾರೆಯ ಕೈಯಲ್ಲಿದೆಯೆಂದು ಅದನ್ನು ಪುಸ್ತಕದೊಳಗೆ ಬಿಟ್ಟುಕೊಂಡಿಲ್ಲವೋ ಏನೋ.

ಇನ್ನೊಂದು ಸಂಗತಿಯನ್ನು ಹಾಸ್ಟೆಲ್ ಕೋಣೆಯಲ್ಲಿ ಯಾರ ಸಹಾಯವೂ ಇಲ್ಲದೆ ಕಂಡುಕೊಂಡೆ, ಅದರ ಸಂತೋಷ ಇನ್ನೂ ಆರಿಲ್ಲ. ಒಂದಕ್ಕೊಂದು ಲಂಬವಾದ ಎರಡು ರೇಖೆಗಳ ಸ್ಲೋಪುಗಳನ್ನು ಗುಣಿಸಿದರೆ ಋಣ ಒಂದು ಬರುತ್ತದೆ ಎಂದು ಪಾಠ ಹೇಳುತ್ತಿತ್ತು, ತ್ರಿಕೋನಮಿತಿಯ ಸಾಧನೆಯನ್ನೂ ಕೊಟ್ಟಿತ್ತು. ನಾನು ಸುಮ್ಮನೆ ಗ್ರಾಫ್ ಹಾಳೆಯನ್ನು ಕಾಲು ಸುತ್ತು ತಿರುಗಿಸಿದೆ. ಮೂರು ಮನೆ ಬಲಕ್ಕೆ, ಎರಡು ಮನೆ ಮೇಲಕ್ಕೆ ಹೋಗಿದ್ದ ಗೆರೆ ಈಗ ಮೂರು ಮನೆ ಮೇಲಕ್ಕೆ, ಎರಡು ಮನೆ ಎಡಕ್ಕೆ ಹೋಗುತ್ತಿತ್ತು. ಬಲ ಇದ್ದದ್ದು ಮೇಲಾಯಿತು, ಮೇಲಿದ್ದದ್ದು ಎಡವಾಯಿತು. ಮೂರರಲ್ಲಿ ಎರಡು ಇದ್ದ ವಾಟ ಋಣ ಎರಡರಲ್ಲಿ ಮೂರು ಆಯಿತು. ಗುಣಿಸಿ ನೋಡಿ. ಆ ಋಣದ ಚಿಹ್ನೆ ‘ಎಡಕ್ಕೆ’ ಎಂಬ ಮಾತು, ಬೇರೇನೂ ಅಲ್ಲ. ಸರ್ವೇಯರರ ಸೀಳುಕೋಲು ನೆನಪಾಯಿತು.

ಮೂರು ಬಿಂದುಗಳ ನಿರ್ದೇಶಾಂಕ ಕೊಟ್ಟರೆ ತ್ರಿಭುಜದ ವಿಸ್ತೀರ್ಣ ಹೇಳುವ ಸೂತ್ರವನ್ನು ಕಲಿತಾಗ ನಮ್ಮ ಜಮೀನನ್ನೇ ಅದರೊಳಗೆ ಹಾಕಿದೆ. ಹೊಂಗೆ ಮರ, ಬೇಲಿ, ಬಲಗಡೆಯ ಕಲ್ಲು ಎಂಬ ಕ್ರಮದಲ್ಲಿ ಹಾಕಿದರೆ ಉತ್ತರ ಹನ್ನೆರಡೂವರೆ. ಹೊಂಗೆ ಮರ, ಬೇಲಿ, ಎಡಗಡೆಯ ಕಲ್ಲು ಎಂದು ಹಾಕಿದರೆ ಉತ್ತರ ಋಣ ಹದಿನೈದು. “ವಿಸ್ತೀರ್ಣ ಋಣವಾಗಲು ಸಾಧ್ಯವಿಲ್ಲ, ಚಿಹ್ನೆ ಬಿಟ್ಟು ಬೆಲೆ ಮಾತ್ರ ಬರೆಯಿರಿ” ಎಂದು ಉಪನ್ಯಾಸಕರು ಮುಂದಿನ ಲೆಕ್ಕಕ್ಕೆ ಹೋದರು. ಬಿಡುವುದು ನನಗೆ ಇಷ್ಟವಾಗಲಿಲ್ಲ. ಆ ಚಿಹ್ನೆಗೆ ಅರ್ಥವಿದೆ: ಮೂಲೆಗಳನ್ನು ನಾವು ಯಾವ ಕಡೆಯಿಂದ ಸುತ್ತಿದೆವು ಎಂಬುದನ್ನು ಅದು ಹೇಳುತ್ತದೆ. ಸೂತ್ರಕ್ಕೆ ಅಪ್ರದಕ್ಷಿಣೆ ಶುಭ. ದೇವರ ಗುಡಿ ಸುತ್ತುವ ಹಾಗೆ ಹೊಲವನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಬಂದರೆ ಮಾತ್ರ ವಿಸ್ತೀರ್ಣ ಋಣವಾಗುತ್ತದೆ. (ನನ್ನ ನೋಟ್‌ಬುಕ್ಕಿನಲ್ಲಿ ಸರ್ವೇಯರರ ಬಲ ಹಾಳೆಯ ಮೇಲ್ಭಾಗವಾಗಿತ್ತು, ನಾನು ಅದನ್ನು ಹಾಗೆಯೇ ಧನ ಎಂದು ಇಟ್ಟುಕೊಂಡಿದ್ದೆ. ನೆಲದ ಮೇಲೆ ನಿಂತು ಪರೀಕ್ಷಿಸುವವರು ಇದನ್ನು ನೆನಪಿಡಬೇಕು.)

ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ ವಿಳಾಸಗಳನ್ನು ಓದುವುದೇ ನನಗೊಂದು ಹುಚ್ಚಾಯಿತು. ಇಷ್ಟನೇ ಕ್ರಾಸ್, ಇಷ್ಟನೇ ಮೇನ್ ಎಂಬುದು ನಿರ್ದೇಶಾಂಕಗಳ ಜೋಡಿಯಲ್ಲದೆ ಇನ್ನೇನು? ಮಲ್ಲೇಶ್ವರದಲ್ಲಿ ಎಂಟನೇ ಕ್ರಾಸಿನಲ್ಲಿ ನಿಂತವನಿಗೆ ಹದಿನೈದನೇ ಕ್ರಾಸ್ ಯಾವ ಕಡೆ, ಸುಮಾರು ಎಷ್ಟು ದೂರ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಊರು ಗ್ರಾಫ್ ಹಾಳೆಯಲ್ಲ. ಏಳಕ್ಕೂ ಎಂಟಕ್ಕೂ ನಡುವೆ ಒಂದು ರಸ್ತೆ ಹುಟ್ಟಿದರೆ ಅದು ‘ಏಳನೇ ಎ’ ಆಗುತ್ತದೆ, ನಮ್ಮೂರಿನ ಆಣೆಯಂತೆ. ಬಡಾವಣೆ ಬದಲಾದರೆ ಎಣಿಕೆ ಮತ್ತೆ ಒಂದರಿಂದ ಶುರು. ಜಯನಗರದಲ್ಲಿ ಬ್ಲಾಕ್ ಯಾವುದೆಂದು ಹೇಳದೆ ಕ್ರಾಸ್ ಮಾತ್ರ ಹೇಳಿದರೆ ಆಟೊದವರು ನಮ್ಮನ್ನು ದಿಟ್ಟಿಸಿ ನೋಡುತ್ತಾರೆ. ಮೂಲಬಿಂದು ಎಲ್ಲಿದೆ ಎಂದು ಮೊದಲು ಹೇಳು ಎಂಬುದು ಆ ನೋಟದ ಅರ್ಥ.

ಇದನ್ನು ನಮಗೆ ಶಾಲೆಯಲ್ಲಿ ಕಲಿಸಲೇ ಇಲ್ಲ. ಮೂಲಬಿಂದು ನೆಲದಲ್ಲಿ ಹುಟ್ಟಿದ್ದಲ್ಲ, ಯಾರೋ ನೆಟ್ಟದ್ದು. ಹೊಂಗೆ ಮರದ ಬುಡದ ಕಲ್ಲನ್ನು ಮೊದಲ ಕಲ್ಲು ಎಂದವನು ಯಾವನೋ ಒಬ್ಬ ಹಳೆಯ ಸರ್ವೇಯರ್, ಬಹುಶಃ ಅಲ್ಲಿ ನೆರಳಿತ್ತು ಎಂಬ ಕಾರಣಕ್ಕೆ. ಇಡೀ ಭೂಮಿಯ ವಿಷಯವೂ ಅಷ್ಟೇ. ನಮ್ಮ ಹಳೆಯ ಜ್ಯೋತಿರ್ಗಣಿತದವರು ಉಜ್ಜಯಿನಿಯ ಮೇಲೆ ಹಾಯುವ ರೇಖೆಯಿಂದ ಪೂರ್ವ ಪಶ್ಚಿಮಗಳನ್ನು ಎಣಿಸಿದರು. 1884ರಲ್ಲಿ ವಾಷಿಂಗ್‌ಟನ್ನಿನಲ್ಲಿ ಕೂತ ದೇಶಗಳು ಮತ ಹಾಕಿ ಗ್ರೀನಿಚ್ ಎಂದು ತೀರ್ಮಾನಿಸಿದವು, ಫ್ರಾನ್ಸ್ ಮತ ಹಾಕದೆ ಸುಮ್ಮನೆ ಕೂತಿತು. ಈಗ ಮೊಬೈಲಿನಲ್ಲಿ ನಮ್ಮ ಊರಿನ ಜಾಗ ನೋಡಿದರೆ 13 ಚಿಲ್ಲರೆ, 76 ಚಿಲ್ಲರೆ ಎಂದು ಬರುತ್ತದೆ. ಆ ಎಣಿಕೆ ಶುರುವಾಗುವ ಸೊನ್ನೆ-ಸೊನ್ನೆಯ ಜಾಗ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿನ ಮೇಲಿದೆ. ಅಲ್ಲಿ ಹೊಂಗೆ ಮರ ಇಲ್ಲ.

ಅಣ್ಣನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಕಳೆದ ತಿಂಗಳು ಊರಿಗೆ ಹೋದಾಗ ಗಣಿತದ ಪುಸ್ತಕ ಹಿಡಿದು ಪಡಸಾಲೆಯಲ್ಲಿ ಕೂತಿದ್ದಳು. ಪುಸ್ತಕ ಚೆನ್ನಾಗಿದೆ, ನಮ್ಮ ಕಾಲದ್ದಕ್ಕಿಂತ ಎಷ್ಟೋ ಮೇಲು. ಆದರೆ ಅಕ್ಷಗಳನ್ನು ಮೊದಲೇ ಅಚ್ಚು ಹಾಕಿ ಕೊಡುವ ಚಾಳಿ ಹೋಗಿಲ್ಲ. ತರಗತಿಯಲ್ಲಿ ನಾಲ್ವರು ಗೆಳೆಯರು (3, 4), (6, 7), (9, 4), (6, 1) ಎಂಬ ಜಾಗಗಳಲ್ಲಿ ಕೂತಿದ್ದಾರೆ, ಅದು ಚೌಕವೇ ಎಂದು ಪ್ರಶ್ನೆ. ಅವಳು ದೂರ ಸೂತ್ರ ಹಾಕಿ ನಾಲ್ಕು ಬಾಹುಗಳೂ ಹದಿನೆಂಟರ ವರ್ಗಮೂಲ, ಎರಡು ಕರ್ಣಗಳೂ ಆರು ಎಂದು ಒಂದೂವರೆ ಪುಟ ತುಂಬಿಸಿದ್ದಳು. ಅಕ್ಷರ ಮುತ್ತಿನ ಹಾಗೆ. ನನ್ನ ಮೇಷ್ಟ್ರು ಇದ್ದಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು.

“ಚಿಕ್ಕಪ್ಪ, ಸೊನ್ನೆ-ಸೊನ್ನೆಯಲ್ಲಿ ಯಾರು ಕೂತಿದ್ದಾರೆ?” ಎಂದಳು.

“ಯಾರೂ ಇಲ್ಲ. ಅದು ತರಗತಿಯ ಮೂಲೆ.”

“ಹಾಗಾದರೆ ಅಲ್ಲಿಂದ ಏಕೆ ಎಣಿಸಬೇಕು?”

ನಾನು ಉತ್ತರ ಹೇಳಲಿಲ್ಲ, ಪೆನ್ಸಿಲ್ ಅವಳ ಕಡೆಗೆ ತಳ್ಳಿದೆ. ಅವಳು ಮೊದಲು ಒಬ್ಬ ಗೆಳತಿಯ ಜಾಗವನ್ನೇ ಮೂಲಬಿಂದು ಮಾಡಿದಳು. (0, 0), (3, 3), (6, 0), (3, −3). ದೂರಗಳೆಲ್ಲ ಮೊದಲಿನವೇ ಬಂದವು. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚುತ್ತ ಕೂತು, ಆಮೇಲೆ ನಾಲ್ವರ ಸರಿಯಾದ ನಡುವೆ, (6, 4) ಎಂಬ ಜಾಗದಲ್ಲಿ ಒಂದು ಚುಕ್ಕಿಯಿಟ್ಟು ಅದನ್ನು ಸೊನ್ನೆ ಮಾಡಿದಳು. ಮೂರು ಎಡಕ್ಕೆ ಒಬ್ಬರು, ಮೂರು ಬಲಕ್ಕೆ ಒಬ್ಬರು, ಮೂರು ಮೇಲಕ್ಕೆ, ಮೂರು ಕೆಳಕ್ಕೆ. ಅಷ್ಟೇ. ಬೇರೆ ಲೆಕ್ಕವೇ ಬೇಕಾಗಲಿಲ್ಲ. ಅವಳು ಒಂದೂವರೆ ಪುಟವನ್ನೂ ಆ ನಾಲ್ಕು ಚುಕ್ಕಿಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದಳು. ಹೀಗೆ ಬರೆದರೆ ಪರೀಕ್ಷೆಯಲ್ಲಿ ಅಂಕ ಕೊಡುತ್ತಾರೆಯೇ ಎಂದು ಕೇಳಿದಳು. ಹಂತಗಳಿಗೆ ಅಂಕ ಇರುತ್ತದೆ, ಹಾಗಾಗಿ ಒಂದೂವರೆ ಪುಟವನ್ನೇ ಬರೆ ಎಂದೆ. ಚಿಕ್ಕಪ್ಪನಾದವನು ಅದನ್ನಲ್ಲದೆ ಇನ್ನೇನು ಹೇಳಲು ಸಾಧ್ಯ?

ಹತ್ತನೆಯ ತರಗತಿಯ ಈ ಅಧ್ಯಾಯದಿಂದ ತ್ರಿಭುಜದ ವಿಸ್ತೀರ್ಣದ ಭಾಗವನ್ನು ಪಠ್ಯದ ಹೊರೆ ಇಳಿಸುವಾಗ ತೆಗೆದುಹಾಕಿದ್ದಾರೆಂದು ಅವಳಿಂದಲೇ ತಿಳಿಯಿತು. ಬೇಸರವಾಯಿತು. ದೂರ ಸೂತ್ರ ಇರಲಿ, ಭಾಗಪ್ರಮಾಣ ಸೂತ್ರ ಇರಲಿ, ಆದರೆ ಹೊಲವಿರುವ ಮನೆಯ ಮಕ್ಕಳಿಗೆ ಈ ಅಧ್ಯಾಯದಲ್ಲಿ ಕೈಗೆ ಸಿಗುವಂತಿದ್ದುದು ಅದೊಂದೇ. ಹಾಗಾಗಿ ಅದನ್ನು ನಾನೇ ಹೇಳಿಕೊಟ್ಟೆ, ಚಿಹ್ನೆಯ ಸಮೇತ. ಸಂಜೆ ಬಿಸಿಲು ಇಳಿದ ಮೇಲೆ ಇಬ್ಬರೂ ಜಮೀನಿಗೆ ಹೋದೆವು. ಈಗ ಸರ್ವೆಗೆ ಸರಪಳಿ ಬರುವುದಿಲ್ಲ, ಉಪಗ್ರಹದಿಂದ ಅಂಕಿ ಹಿಡಿಯುವ ರೋವರ್ ಬರುತ್ತದೆ. ಹೊಂಗೆ ಮರವೂ ಇಲ್ಲ, ಅದರ ಬುಡದ ಕಲ್ಲು ಮಾತ್ರ ಇದೆ. ಬಲಗಡೆಯ ಕಲ್ಲಿನಾಚೆ ಆ ಎರಡು ತೆಂಗಿನ ಮರಗಳು ಕತ್ತೆತ್ತಿ ನೋಡುವಷ್ಟು ಬೆಳೆದಿವೆ. ಅಪ್ಪ ಬದುವಿನ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದರು. ಅವರಿಗೆ ಎಂಬತ್ತಾಯಿತು, ಸಂಜೆ ಅಲ್ಲಿ ಕೂರದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಹುಡುಗಿ ಮೊದಲ ಕಲ್ಲಿನಿಂದ ಹೊರಟು, ಹೊಲವನ್ನು ಎಡಕ್ಕಿಟ್ಟುಕೊಂಡು, ಒಂದೊಂದೇ ಕಲ್ಲನ್ನು ಮುಟ್ಟುತ್ತ ಸುತ್ತತೊಡಗಿದಳು. ಎರಡನೆಯ ಕಲ್ಲು ದಾಟುವಷ್ಟರಲ್ಲಿ ಅಪ್ಪ ಕೂಗಿದರು.

“ಹಾಗೆ ಅಪ್ರದಕ್ಷಿಣೆ ಸುತ್ತಬಾರದು ಕಣಮ್ಮ. ಈ ಕಡೆಯಿಂದ ಬಾ.”

“ಆ ಕಡೆಯಿಂದ ಬಂದರೆ ಜಮೀನಿಗೆ ಋಣ ಬರುತ್ತದೆ ತಾತ” ಎಂದು ಅವಳು ಅಲ್ಲಿಂದಲೇ ಕೂಗಿ, ಮುಂದಿನ ಕಲ್ಲಿನ ಕಡೆಗೆ ನಡೆದಳು.

ಅಪ್ಪ ನನ್ನ ಮುಖ ನೋಡಿದರು. ಸೊಸೈಟಿಯ ಸಾಲ ತೀರಿ ಇಪ್ಪತ್ತು ವರ್ಷವಾಯಿತಲ್ಲ ಎಂದರು.